ಬಿಟ್ಟ ಜಾಗಕ್ಕೆ ಏನು?

“ಬಿಟ್ಟಿದ್ದಕ್ಕೆ ಬದಲು ಅಂತ ಏನಾದ್ರೂ ತಿನ್ಲೇಬೇಕಾ ಮೇಡಂ? ಬಿಡೋದೇ ಅಲ್ವಾ ಮುಖ್ಯ?”

ಈ ವಾರ ಆಹಾರ ಸಲಹೆಗೆ ಬಂದ ಹುಡುಗಿ ಕೇಳಿದ ಮಾತಿದು. ವೀಗನ್ ಆಗಿ ಮೂರು ವಾರವಂತೆ. ಏನೇನು ಬಿಟ್ಟಿದ್ದೀಯ ಎಂದರೆ ಮಾಂಸ, ಮೀನು, ಮೊಟ್ಟೆ, ಹಾಲು, ಮೊಸರು, ಬೆಣ್ಣೆ, ಜೇನು ಅಂತ ಒಂದೇ ಉಸಿರಿಗೆ ಹೇಳಿದಳು. ಪೊಟ್ಟಣದ ಹಿಂದಿನ ಸಣ್ಣಕ್ಷರದಲ್ಲಿ ಹಾಲಿನಿಂದ ಬರುವ ಕೇಸಿನ್, ವೇ, ಪ್ರಾಣಿಗಳ ಮೂಳೆ ಚರ್ಮದಿಂದ ಬರುವ ಜೆಲಟಿನ್ ಹುಡುಕುವುದು ಗೊತ್ತು. ಇ120 ಎಂದರೆ ಕೀಟದಿಂದ ತೆಗೆದ ಕೆಂಪು ಬಣ್ಣ, ಇ904 ಎಂದರೆ ಅರಗು ಎಂಬುದೂ ಗೊತ್ತು. ಆ ಶ್ರದ್ಧೆ ನಿಜಕ್ಕೂ ದೊಡ್ಡದು, ಎಷ್ಟೋ ವರ್ಷದಿಂದ ವೀಗನ್ ಆಗಿರುವವರಿಗೂ ಅಷ್ಟು ತಿಳಿದಿರುವುದಿಲ್ಲ. ಆದರೆ “ಆ ಜಾಗಕ್ಕೆ ಏನು ತಿಂತಿದ್ದೀಯಮ್ಮ?” ಎಂದು ಕೇಳಿದ್ದಕ್ಕೆ ಬಂದ ಉತ್ತರ ಮೇಲಿನದು. ಪಕ್ಕದಲ್ಲಿದ್ದ ಅವಳ ತಾಯಿ ಇದಕ್ಕೇ ಕಾಯುತ್ತಿದ್ದವರ ಹಾಗೆ, “ನೋಡಿ ಮೇಡಂ, ಹಾಲು ಬಿಟ್ಟಿದ್ದಕ್ಕೇ ತಲೆಸುತ್ತು. ಮತ್ತೆ ಕುಡಿಯೋಕೆ ಹೇಳಿ” ಎಂದರು.

ಇಬ್ಬರೂ ತಪ್ಪು. ಹಾಲು ಬಿಟ್ಟ ಮಾತ್ರಕ್ಕೆ ಯಾರಿಗೂ ಮೂರು ವಾರದಲ್ಲಿ ತಲೆ ಸುತ್ತುವುದಿಲ್ಲ. ಅವಳ ದಿನದ ಊಟ ಹೀಗಿತ್ತು: ಬೆಳಗ್ಗೆ ಒಂದು ಬಟ್ಟಲು ಹಣ್ಣು, ಮಧ್ಯಾಹ್ನ ಸಲಾಡ್, ಸಂಜೆ ಬಾದಾಮಿ ಹಾಲು, ರಾತ್ರಿ ತರಕಾರಿ ಸೂಪು, ಎರಡು ಹೋಳು ಬ್ರೆಡ್. ಎಲ್ಲ ಸೇರಿ ಸಾವಿರ ಕ್ಯಾಲರಿ ದಾಟುವುದು ಕಷ್ಟ. ಅವಳ ವಯಸ್ಸಿಗೆ, ಓಡಾಟಕ್ಕೆ ಅದರ ಇಮ್ಮಡಿ ಬೇಕು. ತಟ್ಟೆ ತುಂಬ ಸೌತೆಕಾಯಿ, ಎಲೆಕೋಸು ಇದ್ದರೆ ಹೊಟ್ಟೆ ತುಂಬುತ್ತದೆ, ಶಕ್ತಿ ಬರುವುದಿಲ್ಲ, ಏಕೆಂದರೆ ಅದರಲ್ಲಿ ಹೆಚ್ಚಿನ ಪಾಲು ನೀರು ಮತ್ತು ನಾರು. ವೀಗನ್ ಊಟಕ್ಕೆ ಕೈ ಹಾಕಿದ ಮೊದಲ ತಿಂಗಳಲ್ಲಿ ಸುಸ್ತು, ತಲೆನೋವು, ಚಳಿ, ಸಿಡುಕು ಅಂತ ಬರುವವರಲ್ಲಿ ಬಹುಪಾಲು ಜನರದ್ದು ಯಾವುದೋ ಅಪರೂಪದ ಪೋಷಕಾಂಶದ ಕೊರತೆಯಲ್ಲ, ಬರೀ ಹಸಿವು. ಹೊಟ್ಟೆ ತುಂಬಿರುವುದರಿಂದ ಅದು ಹಸಿವು ಎಂದು ಅವರಿಗೇ ಗೊತ್ತಾಗುವುದಿಲ್ಲ.

ಹಾಲಿನ ಲೆಕ್ಕವನ್ನು ತಾಯಿ ಮಗಳು ಇಬ್ಬರ ಮುಂದೆಯೂ ಬರೆದು ತೋರಿಸಬೇಕಾಯಿತು. ಮೊದಲು ದಿನಕ್ಕೆ ಅರ್ಧ ಲೀಟರ್ ಗಟ್ಟಿ ಹಾಲು ಕುಡಿಯುತ್ತಿದ್ದಳು. ಅದರಲ್ಲಿ ಸುಮಾರು 300 ಕ್ಯಾಲರಿ, 16 ಗ್ರಾಂ ಪ್ರೋಟೀನ್, 600 ಮಿಲಿಗ್ರಾಂ ಕ್ಯಾಲ್ಸಿಯಂ. ಅದರ ಬದಲು ಸಕ್ಕರೆ ಹಾಕದ ಬಾದಾಮಿ ಹಾಲು ಅಷ್ಟೇ ಕುಡಿದರೆ 80 ಕ್ಯಾಲರಿಯೂ ಸಿಕ್ಕುವುದಿಲ್ಲ, ಪ್ರೋಟೀನ್ ಎರಡು ಗ್ರಾಂ. ಡಬ್ಬದ ಮೇಲೆ ಬಾದಾಮಿಯ ಚಿತ್ರ ಎಷ್ಟೇ ದೊಡ್ಡದಿರಲಿ, ಒಳಗೆ ಇರುವುದು ಬಹುತೇಕ ನೀರು. ಹಾಲಿನ ಜಾಗಕ್ಕೆ ನಿಜವಾಗಿ ಬರಬಲ್ಲದ್ದು ಸೋಯಾ ಹಾಲು: 250 ಮಿಲಿಗೆ 7ರಿಂದ 8 ಗ್ರಾಂ ಪ್ರೋಟೀನ್. ಕ್ಯಾಲ್ಸಿಯಂ ಸೇರಿಸಿದ್ದನ್ನೇ ಕೊಳ್ಳಬೇಕು, 100 ಮಿಲಿಗೆ 120 ಮಿಲಿಗ್ರಾಂ ಇದ್ದರೆ ಹಸುವಿನ ಹಾಲಿಗೆ ಸಮ. ಸೇರಿಸಿದ ಕ್ಯಾಲ್ಸಿಯಂ ತಳಕ್ಕೆ ಇಳಿದು ಕೂರುತ್ತದೆ. ಪ್ರತಿ ಸಲ ಡಬ್ಬವನ್ನು ಚೆನ್ನಾಗಿ ಕುಲುಕದೆ ಬಗ್ಗಿಸಿದರೆ ಅದು ಡಬ್ಬದ ಜೊತೆ ಕಸಕ್ಕೆ ಹೋಗುತ್ತದೆ. ಬಿಸಿ ಕಾಫಿಗೆ ಸುರಿದರೆ ಒಡೆಯುತ್ತದೆ ಎಂಬ ದೂರು ಎಲ್ಲರದ್ದೂ. ಕಾಫಿಯ ಹುಳಿ ಮತ್ತು ಕಾವು ಸೇರಿ ಸೋಯಾ ಪ್ರೋಟೀನನ್ನು ಗಂಟು ಕಟ್ಟಿಸುತ್ತವೆ. ಸೋಯಾ ಹಾಲನ್ನು ಮೊದಲು ಬೆಚ್ಚಗೆ ಮಾಡಿ, ಅದಕ್ಕೆ ಕಾಫಿಯನ್ನು ನಿಧಾನಕ್ಕೆ ಬೆರೆಸಿದರೆ ಸಾಮಾನ್ಯವಾಗಿ ಒಡೆಯುವುದಿಲ್ಲ.

ಪ್ರೋಟೀನ್ ವಿಷಯಕ್ಕೆ ಬಂದರೆ ಅವಳ ಜಿಮ್ಮಿನ ತರಬೇತುದಾರ “ಮೊಟ್ಟೆ ಇಲ್ಲದೆ ಆಗೋದೇ ಇಲ್ಲ” ಅಂದಿದ್ದನಂತೆ. ಇಂಥ ಮಾತನ್ನು ಇಷ್ಟು ಖಚಿತವಾಗಿ ಹೇಳುವವರ ಮೇಲೆ ನನಗೆ ಸಿಟ್ಟಿದೆ. ವಯಸ್ಕರಿಗೆ ದೇಹತೂಕದ ಪ್ರತಿ ಕೆಜಿಗೆ 0.8 ಗ್ರಾಂ ಪ್ರೋಟೀನ್ ಸಾಕು ಎನ್ನುತ್ತದೆ ಸಾಮಾನ್ಯ ಶಿಫಾರಸು. ಕಾಳು, ಧಾನ್ಯದ ಪ್ರೋಟೀನ್ ಸ್ವಲ್ಪ ಕಡಿಮೆ ಜೀರ್ಣವಾಗುವುದರಿಂದ ವೀಗನ್ನರಿಗೆ ಒಂದು ಗ್ರಾಂ ಎಂದು ಇಟ್ಟುಕೊಳ್ಳುವುದು ಒಳ್ಳೆಯದು. ಇವಳು 55 ಕೆಜಿ, ಹಾಗಾಗಿ 55 ಗ್ರಾಂ. ಒಂದು ಲೋಟ ಸೋಯಾ ಹಾಲಿನಿಂದ 8, ಬೇಯಿಸಿದ ಒಂದು ಕಪ್ ಬೇಳೆಯಿಂದ 18, 150 ಗ್ರಾಂ ಗಟ್ಟಿ ತೋಫು ಅಂದರೆ ಸೋಯಾ ಪನೀರಿನಿಂದ ಸುಮಾರು 18, ಎರಡು ದೊಡ್ಡ ಚಮಚ ಕಡಲೆಕಾಯಿ ಬೆಣ್ಣೆಯಿಂದ 7. ಇಷ್ಟಕ್ಕೇ 51 ಆಯಿತು. ಅನ್ನ, ಬ್ರೆಡ್, ಓಟ್ಸ್‌ನದು ಇನ್ನೂ ಸೇರಿಸಿಲ್ಲ. ಧಾನ್ಯಗಳಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಕಾಳುಗಳಲ್ಲಿ ಅದು ಧಾರಾಳ. ಎರಡನ್ನೂ ಒಂದೇ ತಟ್ಟೆಯಲ್ಲಿ ಬೆರೆಸಿ ತಿನ್ನಬೇಕು ಎಂಬ ಹಳೆಯ ನಿಯಮಕ್ಕೆ ಈಗ ಮಾನ್ಯತೆ ಇಲ್ಲ, ಒಂದು ದಿನದೊಳಗೆ ಎರಡೂ ಬಂದರೆ ಸಾಕು. ಆದರೆ ಅವಳ ಊಟದಲ್ಲಿ ಕಾಳು ಎಂಬುದೇ ಇರಲಿಲ್ಲ. ತಿಂದರೆ ಹೊಟ್ಟೆ ಉಬ್ಬರ ಅಂತ ಎರಡನೇ ದಿನವೇ ಕೈಬಿಟ್ಟಿದ್ದಳು. ತೋಫು “ರಬ್ಬರ್ ಥರ” ಅಂತ ಅದನ್ನೂ.

ಹೆಚ್ಚಿನವರು ಎಡವುವುದು ಈ ಎರಡರಲ್ಲೇ, ಎರಡಕ್ಕೂ ಅಡುಗೆಮನೆಯಲ್ಲೇ ಪರಿಹಾರವಿದೆ. ಕಾಳಿನಲ್ಲಿ ರಾಫಿನೋಸ್ ಜಾತಿಯ ಸಕ್ಕರೆಗಳಿವೆ. ಅವನ್ನು ಒಡೆಯುವ ಕಿಣ್ವ ಮನುಷ್ಯರ ಸಣ್ಣಕರುಳಿನಲ್ಲಿಲ್ಲ. ಹಾಗೆಯೇ ದೊಡ್ಡಕರುಳಿಗೆ ಇಳಿದಾಗ ಅಲ್ಲಿನ ಬ್ಯಾಕ್ಟೀರಿಯಾ ತಿಂದು ಅನಿಲ ಮಾಡುತ್ತವೆ. ದಿನಕ್ಕೆ 15 ಗ್ರಾಂ ನಾರು ತಿನ್ನುತ್ತಿದ್ದವರು ಒಮ್ಮೆಗೇ 40 ಗ್ರಾಂಗೆ ಹಾರಿದರೆ ಹೊಟ್ಟೆ ತಡೆದುಕೊಳ್ಳುವುದಿಲ್ಲ. ಸಿಪ್ಪೆ ತೆಗೆದ ಬೇಳೆಯಿಂದ ಶುರು ಮಾಡಬೇಕು, ಮೊದಲ ವಾರ ಬೇಯಿಸಿದ್ದು ಕಾಲು ಕಪ್ ಮಾತ್ರ. ಹೊಟ್ಟೆ ಸುಮ್ಮನಿದ್ದರೆ ಅರ್ಧ ಕಪ್. ಇಡೀ ಕಾಳು ಆಮೇಲೆ. 8ರಿಂದ 12 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೆರಳಿಗೆ ಒತ್ತಿದರೆ ನುಣ್ಣಗೆ ಹಿಸುಕಿ ಹೋಗುವಷ್ಟು ಬೇಯಿಸಬೇಕು. ನೀರು ಕುಡಿಯುವುದೂ ಹೆಚ್ಚಬೇಕು, ಇಲ್ಲದಿದ್ದರೆ ಅದೇ ನಾರು ಮಲಬದ್ಧತೆ ತರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ರಾಜ್ಮಾವನ್ನು ಸ್ಲೋ ಕುಕ್ಕರಿನಲ್ಲಿ ಹಸಿಯಾಗಿ ಹಾಕಿ ಹೋಗುವ ಅಭ್ಯಾಸ ಅಪಾಯಕಾರಿ. ಅದರಲ್ಲಿ ಫೈಟೋಹೀಮಗ್ಲುಟಿನಿನ್ ಎಂಬ ವಿಷವಸ್ತು ಇದೆ. 80 ಡಿಗ್ರಿಯ ಆಸುಪಾಸಿನ ಮಂದ ಕಾವಿನಲ್ಲಿ ಅದು ನಾಶವಾಗುವುದಿಲ್ಲ, ಹಸಿಕಾಳಿಗಿಂತ ಜಾಸ್ತಿಯೂ ಆಗಬಹುದು. ಕೆಲವೇ ಗಂಟೆಯಲ್ಲಿ ವಾಂತಿ, ಭೇದಿ. ಕನಿಷ್ಠ ಐದು ಗಂಟೆ ನೆನೆಸಿ, ನೀರು ಚೆಲ್ಲಿ, ಕೊತಕೊತ ಕುದಿಯುವ ನೀರಿನಲ್ಲಿ ಅರ್ಧ ಗಂಟೆ ಬೇಯಿಸಿದ ಮೇಲೆಯೇ ಬೇರೆ ಪಾತ್ರೆಗೆ ಹಾಕಬೇಕು. ಪ್ರೆಷರ್ ಕುಕ್ಕರ್ ಆದರೆ ಈ ಭಯವಿಲ್ಲ.

ತೋಫು ರಬ್ಬರ್ ಥರ ಆಗುವುದು ಅದರೊಳಗಿನ ನೀರಿನಿಂದ. ಒದ್ದೆ ತೋಫು ಬಾಣಲೆಗೆ ಬಿದ್ದರೆ ಹುರಿಯುವುದಿಲ್ಲ, ತನ್ನ ನೀರಿನಲ್ಲೇ ಬೇಯುತ್ತದೆ. ಗಟ್ಟಿ ತೋಫುವನ್ನು ಬಟ್ಟೆಯಲ್ಲಿ ಸುತ್ತಿ, ಮೇಲೆ ಭಾರ ಇಟ್ಟು 20ರಿಂದ 30 ನಿಮಿಷ ಬಿಡಬೇಕು. ಆಮೇಲೆ ತುಂಡು ಮಾಡಿ, 300 ಗ್ರಾಂಗೆ ಎರಡು ಚಮಚ ಮೆಕ್ಕೆಜೋಳದ ಪಿಷ್ಟ ಅಂದರೆ ಕಾರ್ನ್‌ಫ್ಲೋರ್, ಉಪ್ಪು, ಮೆಣಸು ಸವರಬೇಕು. ಎಣ್ಣೆ ಚೆನ್ನಾಗಿ ಕಾದ ಮೇಲೆ ಹಾಕಿ, ಒಂದು ಮಗ್ಗುಲಿಗೆ ಮೂರು ನಾಲ್ಕು ನಿಮಿಷ ಮುಟ್ಟದೆ ಬಿಟ್ಟರೆ ಹೊಂಬಣ್ಣದ ಗರಿ ಬರುತ್ತದೆ. ಅವಸರಕ್ಕೆ ತಿರುವಿದರೆ ಹಿಟ್ಟು ತಳಕ್ಕೆ ಅಂಟಿಕೊಂಡು ತೋಫು ಬೆತ್ತಲೆಯಾಗುತ್ತದೆ. ಕೊಳ್ಳುವಾಗ ಕ್ಯಾಲ್ಸಿಯಂ ಸಲ್ಫೇಟ್ ಎಂದು ಬರೆದದ್ದನ್ನು ಆರಿಸಿದರೆ ಕ್ಯಾಲ್ಸಿಯಂ ಕೂಡ ಸಿಕ್ಕುತ್ತದೆ. ಮೆಗ್ನೀಸಿಯಂ ಕ್ಲೋರೈಡಿನಿಂದ ಒಡೆಸಿದ್ದರಲ್ಲಿ ಅಷ್ಟಿರುವುದಿಲ್ಲ. ಪಾಲಕ್ ಸೊಪ್ಪಿನ ಕ್ಯಾಲ್ಸಿಯಂ ನಂಬಿ ಕೂರಬಾರದು. ಆಕ್ಸಲೇಟ್ ಹಿಡಿದಿಟ್ಟುಕೊಳ್ಳುವುದರಿಂದ ದೇಹಕ್ಕೆ ದಕ್ಕುವುದು ಶೇಕಡಾ 5ರಷ್ಟು. ಹಾಲಿನಿಂದ ದಕ್ಕುವುದು ಸುಮಾರು ಶೇಕಡಾ 30.

ಆಮೇಲೆ ತಾಯಿ ಫೋನಿನಲ್ಲಿದ್ದ ರಕ್ತಪರೀಕ್ಷೆಯ ವರದಿ ತೆರೆದರು. ರಕ್ತಕ್ಕೂ ನರಕ್ಕೂ ಬೇಕಾದ ಬಿ12 ವಿಟಮಿನ್ ಸರಿಯಾಗಿಯೇ ಇತ್ತು. ಹುಡುಗಿಯ ಮುಖ ಅರಳಿತು: “ನಾನು ಸ್ಪಿರುಲಿನಾ ತಗೋತಿದ್ದೀನಲ್ಲ, ಅದರಲ್ಲೇ ಬಿ12 ಇದೆ. ಮಾತ್ರೆ ಬೇಡ.” ನನಗೆ ನಿಜಕ್ಕೂ ಗಾಬರಿಯಾದದ್ದು ಆಗ. ಸ್ಪಿರುಲಿನಾ ಎಂಬ ನೀಲಿಹಸಿರು ಪಾಚಿಯಲ್ಲಿ ಹೆಚ್ಚಾಗಿ ಇರುವುದು ಬಿ12ನ್ನು ಹೋಲುವ, ಆದರೆ ಮನುಷ್ಯರ ದೇಹದಲ್ಲಿ ಕೆಲಸ ಮಾಡದ ವಸ್ತು. ಕೆಲವು ರಕ್ತಪರೀಕ್ಷೆಗಳು ಅದನ್ನೂ ಬಿ12 ಎಂದೇ ಎಣಿಸಿಬಿಡಬಹುದು. ಜೊತೆಗೆ ವಯಸ್ಕರ ದೇಹದಲ್ಲಿ, ಮುಖ್ಯವಾಗಿ ಯಕೃತ್ತಿನಲ್ಲಿ, 2ರಿಂದ 5 ಮಿಲಿಗ್ರಾಂ ಬಿ12 ದಾಸ್ತಾನು ಇರುತ್ತದೆ. ದಿನದ ಅಗತ್ಯ 2.4 ಮೈಕ್ರೋಗ್ರಾಂ ಮಾತ್ರವಾದ್ದರಿಂದ ಆ ದಾಸ್ತಾನು ವರ್ಷಗಟ್ಟಲೆ ಬರಬಹುದು. ಮೂರನೇ ವಾರದ ವರದಿ ಹೇಳುವುದು ಹಳೆಯ ಊಟದ ಕಥೆಯನ್ನು, ಹೊಸದರ ಕಥೆಯನ್ನಲ್ಲ.

ಬ್ರಿಟನ್ನಿನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಸಂಗಡಿಗರು ವೀಗನ್ ಸೊಸೈಟಿ ಕಟ್ಟಿದ್ದು 1944ರಲ್ಲಿ. ಬಿ12ನ್ನು ವಿಜ್ಞಾನಿಗಳು ಬೇರ್ಪಡಿಸಿದ್ದು 1948ರಲ್ಲಿ. ಆ ಮೊದಲ ವೀಗನ್ನರಿಗೆ ಯಾವ ಮಾತ್ರೆ ನುಂಗಬೇಕು ಎಂದು ತಿಳಿಯುವ ದಾರಿಯೇ ಇರಲಿಲ್ಲ. ಕೆಲವರಿಗೆ ನಾಲಿಗೆ ಉರಿ, ಕೈಕಾಲು ಜುಮ್ಮೆನ್ನುವುದು ಶುರುವಾಗಿತ್ತು. ಅವರು ಪಟ್ಟ ಪಾಡು ಇವತ್ತಿನವರು ಪಡಬೇಕಾಗಿಲ್ಲ. ಬಿ12 ಕೊರತೆಯಾದರೂ, ಕಾಳು ಸೊಪ್ಪಿನಿಂದ ಫೋಲೇಟ್ ಎಂಬ ಇನ್ನೊಂದು ಬಿ ವಿಟಮಿನ್ ಧಾರಾಳ ಸಿಕ್ಕುವುದರಿಂದ ಅದರ ಗುರುತಾದ ರಕ್ತಹೀನತೆ ಮರೆಯಾಗಿ, ಒಳಗೊಳಗೇ ನರ ಹಾಳಾಗುತ್ತ ಹೋಗಬಹುದು. ಹಾಳಾದ ನರ ಪೂರ್ತಿ ಸರಿಹೋಗುತ್ತದೆ ಎಂಬ ಭರವಸೆ ಇಲ್ಲ.

ಬಿ12 ತಯಾರಿಸುವುದು ಬ್ಯಾಕ್ಟೀರಿಯಾ. ಪ್ರಾಣಿಗಳೂ ಅಲ್ಲ, ಗಿಡಗಳೂ ಅಲ್ಲ. ಮಾತ್ರೆಯಲ್ಲಿರುವುದೂ ಬ್ಯಾಕ್ಟೀರಿಯಾದಿಂದ ಹುದುಗಿಸಿ ತೆಗೆದದ್ದೇ, ಅದಕ್ಕಾಗಿ ವ್ರತಭಂಗವೇನೂ ಇಲ್ಲ. ದಿನಕ್ಕೆ 10 ಮೈಕ್ರೋಗ್ರಾಂ, ಇಲ್ಲವೇ ವಾರಕ್ಕೆ ಒಮ್ಮೆ 2000. ಇಷ್ಟು ವ್ಯತ್ಯಾಸ ಏಕೆಂದರೆ, ಬಿ12ನ್ನು ಹೊತ್ತೊಯ್ಯುವ ಇಂಟ್ರಿನ್ಸಿಕ್ ಫ್ಯಾಕ್ಟರ್ ಎಂಬ ಹೊಟ್ಟೆಯ ಪ್ರೋಟೀನ್ ಒಂದು ಸಲಕ್ಕೆ ಸಾಗಿಸಬಲ್ಲದ್ದು ಒಂದೂವರೆ ಎರಡು ಮೈಕ್ರೋಗ್ರಾಂ ಅಷ್ಟೇ. ಉಳಿದದ್ದರಲ್ಲಿ ಸುಮಾರು ಶೇಕಡಾ 1 ತಾನಾಗಿ ಇಂಗುತ್ತದೆ. 2000ದಲ್ಲಿ ಹಾಗೆ ಸಿಗುವುದು 20, ಏಳು ದಿನಕ್ಕೆ ಹಂಚಿದರೆ ದಿನಕ್ಕೆ ಮೂರರ ಸಮೀಪ. ಮಧುಮೇಹದ ಮೆಟ್ಫಾರ್ಮಿನ್ ಅಥವಾ ಆಮ್ಲ ತಗ್ಗಿಸುವ ಮಾತ್ರೆಯನ್ನು ಬಹುಕಾಲದಿಂದ ತೆಗೆದುಕೊಳ್ಳುವವರಲ್ಲಿ ಬಿ12 ಇನ್ನೂ ಕುಸಿಯುತ್ತದೆ, ಅವರು ವೈದ್ಯರನ್ನು ಕೇಳಿಯೇ ಪ್ರಮಾಣ ಗೊತ್ತುಮಾಡಿಕೊಳ್ಳಬೇಕು.

ಉಳಿದವು ಸಣ್ಣ ಹೊಂದಾಣಿಕೆಗಳು. ಕಬ್ಬಿಣಾಂಶಕ್ಕೆ ಕಾಳಿನ ಜೊತೆ ನಿಂಬೆ, ಟೊಮೆಟೊ, ದಪ್ಪಮೆಣಸಿನಕಾಯಿಯಂಥ ಸಿ ವಿಟಮಿನ್ ಇರಬೇಕು, ಕಾಫಿ ಚಹಾ ಊಟದಿಂದ ಒಂದು ಗಂಟೆ ದೂರ ಇರಬೇಕು. ಉಪ್ಪು ಅಯೋಡಿನ್ ಸೇರಿಸಿದ್ದೇ ಆಗಿರಲಿ, ಗುಲಾಬಿ ಬಣ್ಣದ ಕಲ್ಲುಪ್ಪಿನಿಂದ ಅಯೋಡಿನ್ ಸಾಲುವುದಿಲ್ಲ. ಒಮೆಗಾ-3 ಕೊಬ್ಬಿಗೆ ಅಗಸೆಬೀಜ ದಿನಕ್ಕೆ ಒಂದು ದೊಡ್ಡ ಚಮಚ, ಪುಡಿ ಮಾಡಿದ್ದು. ಇಡೀ ಬೀಜ ಹೋದ ಹಾಗೆಯೇ ಹೊರಬರುತ್ತದೆ. ಪುಡಿ ಬೇಗ ಕಮಟು ಹಿಡಿಯುವುದರಿಂದ ಫ್ರಿಜ್ಜಿನಲ್ಲಿಡಬೇಕು.

ಇದೆಲ್ಲ ಹೇಳಿ ಮುಗಿಸಿದ ಮೇಲೂ ತಲೆಯಲ್ಲಿ ತಿರುಗುತ್ತಿದ್ದದ್ದು ಅದೇ ಮಾತು, “ಬಿಡೋದೇ ಅಲ್ವಾ ಮುಖ್ಯ?” ಪ್ರಾಣಿಗಳ ಮೇಲಿನ ಕರುಣೆಯಿಂದ ಬಿಡುವವರನ್ನು ನಾನು ಮನಸಾರೆ ಗೌರವಿಸುತ್ತೇನೆ. ಆದರೆ ಬಿಡುವುದರಲ್ಲೇ ಹಿತ ಕಾಣತೊಡಗುವ ಮನಸ್ಥಿತಿ ಬೇರೆ. ಹಾಲು ಬಿಟ್ಟವರು ಮುಂದಿನ ವಾರ ಎಣ್ಣೆ, ಆಮೇಲೆ ಅನ್ನ, ಆಮೇಲೆ ರಾತ್ರಿಯೂಟ ಬಿಡುತ್ತಾರೆ. ಪ್ರತಿಯೊಂದಕ್ಕೂ ಒಳ್ಳೆಯ ಕಾರಣ ಇದ್ದೇ ಇರುತ್ತದೆ. ವೀಗನ್ ಎಂಬ ಹೆಸರಿನಡಿ ಊಟದ ಕಾಯಿಲೆ ಅಂದರೆ ಈಟಿಂಗ್ ಡಿಸಾರ್ಡರ್ ಅಡಗಿ ಕೂರುವುದುಂಟು, ಹದಿವಯಸ್ಸಿನವರಲ್ಲಿ ಮುಖ್ಯವಾಗಿ. ಅದಕ್ಕೇ ತೂಕ ಎಷ್ಟು ಇಳಿದಿದೆ, ಮುಟ್ಟು ಸರಿಯಾಗಿ ಆಗುತ್ತಿದೆಯೇ, ನಾಲ್ಕು ಜನರ ಜೊತೆ ಕೂತು ಉಣ್ಣುತ್ತಾಳೆಯೇ ಎಂದೆಲ್ಲ ಕೇಳಿದೆ. ಇವಳ ಉತ್ತರಗಳು ನೆಮ್ಮದಿ ಕೊಟ್ಟವು. ಇವಳಿಗೆ ಇದ್ದದ್ದು ಮಾಹಿತಿಯ ಕೊರತೆ. ಬಿಡಬೇಕಾದ್ದನ್ನು ಹೇಳಿಕೊಡುವವರು ಸಾವಿರ ಮಂದಿ ಸಿಕ್ಕಿದ್ದರು, ಬೇಳೆ ಎಷ್ಟು ಹೊತ್ತು ಬೇಯಬೇಕು ಎಂದು ಯಾರೂ ಹೇಳಿರಲಿಲ್ಲ.

ತಾಯಿಯ ಬಗ್ಗೆಯೂ ಹೇಳಬೇಕು. ಮಗಳು ಸೋತು ಮತ್ತೆ ಹಾಲಿಗೆ ಬರಲಿ ಎಂದು ಕಾಯುತ್ತಿದ್ದಾರೆ ಎಂದು ಮೊದಲಿಗೆ ಅನಿಸಿತ್ತು. ಆದರೆ ರಾಜ್ಮಾ, ತೋಫುವಿನ ವಿವರ ಬಂದಾಗ ಪೆನ್ನು ಕೇಳಿ ಬರೆದುಕೊಂಡವರು ಅವರೇ. “ಬೇಳೆ ನಾನು ನೋಡ್ಕೋತೀನಿ, ಆ ಮಾತ್ರೆ ನೀನು ಮರೀಬೇಡ” ಎಂದು ಮಗಳಿಗೆ ಹೇಳಿದರು. ಹೀಗೆ ಒಬ್ಬರು ಜೊತೆಗಿದ್ದರೆ ಹೊಸ ಊಟಕ್ರಮ ಉಳಿಯುತ್ತದೆ, ಒಂಟಿಯಾಗಿ ಮನೆಯವರ ಜೊತೆ ಜಗಳವಾಡುತ್ತ ಮಾಡಿದ್ದು ಬಹಳ ದಿನ ಬಾಳುವುದನ್ನು ಕಂಡಿಲ್ಲ.

ಮೂರು ತಿಂಗಳಿಗೆ ಪರೀಕ್ಷೆ ಮಾಡಿಸಲು ಬರೆದುಕೊಟ್ಟಿದ್ದೇನೆ: ಹಿಮೋಗ್ಲೋಬಿನ್, ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್, ಡಿ ವಿಟಮಿನ್, ಬಿ12. ಬಿ12ರ ಅಂಕಿಯನ್ನೊಂದೇ ನಂಬದೆ ಹೋಮೋಸಿಸ್ಟೀನ್ ಅಥವಾ ಮೀಥೈಲ್ ಮೆಲೋನಿಕ್ ಆಮ್ಲವನ್ನೂ ನೋಡಬೇಕು, ದೇಹದೊಳಗೆ ಬಿ12 ಕೊರತೆಯಾದರೆ ಅವೆರಡೂ ಏರುತ್ತವೆ. ಸ್ಪಿರುಲಿನಾವನ್ನು ಅಲ್ಲಿಯವರೆಗೆ ನಿಲ್ಲಿಸಲು ಹೇಳಿದ್ದೇನೆ.