‘ಬಫರ್ ಯಾವುದು ಹಾಕೀರಿ?’

ಗಂಗಾವತಿಯ ಅಕ್ಕಿ ಗಿರಣಿಯೊಂದರ ಹಿಂದಿನ ಮಣ್ಣಿನಿಂದ ಬೇರ್ಪಡಿಸಿದ ಬ್ಯಾಸಿಲಸ್ ಬ್ಯಾಕ್ಟೀರಿಯಾದ ಆಲ್ಫಾ-ಅಮೈಲೇಸ್ (ಪಿಷ್ಟ ಒಡೆಯುವ ಕಿಣ್ವ) ಮೇಲೆ ಬಳ್ಳಾರಿಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದಾಗ, ಅದರ ಕೆಲಸಕ್ಕೆ ಹಿಸ್ಟಿಡೀನ್ ಎಂಬ ಅಮೈನೊ ಆಮ್ಲ ಬೇಕೇ ಎಂದು ತಿಳಿಯಲು, ಹಿಸ್ಟಿಡೀನ್‌ಗೆ ಅಂಟಿ ಅದನ್ನು ತಡೆಯುವ ಡಿಇಪಿಸಿ ಎಂಬ ರಾಸಾಯನಿಕವನ್ನು 2 ಮಿಲಿಮೋಲಾರ್ ಹಾಕಿ ಅರ್ಧ ಗಂಟೆ ಇಟ್ಟೆ. ಪಿಷ್ಟದಿಂದ ಬಿಡುಗಡೆಯಾದ ಸಕ್ಕರೆಯನ್ನು ಬಣ್ಣದಿಂದ ಅಳೆಯುವ ಡಿಎನ್‌ಎಸ್ ವಿಧಾನದಲ್ಲಿ 540 ನ್ಯಾನೊಮೀಟರಿಗೆ ಓದಿದರೆ ಚಟುವಟಿಕೆ ಕಿಂಚಿತ್ತೂ ಇಳಿದಿರಲಿಲ್ಲ. ಮೂರು ಸಲವೂ ಅದೇ ಫಲಿತಾಂಶ ಬಂದದ್ದರಿಂದ ಧೈರ್ಯ ಹೆಚ್ಚಿ, ‘ಹಿಸ್ಟಿಡೀನ್‌ಗೆ ಪಾತ್ರವಿಲ್ಲ’ ಎಂದು ಸ್ಲೈಡಿನಲ್ಲಿ ದಪ್ಪಕ್ಷರದಲ್ಲಿ ಬರೆದೆ.

ಪ್ರಗತಿ ಪರಿಶೀಲನೆಗೆ ಹೊರಗಿನಿಂದ ಬಂದಿದ್ದ ಹಿರಿಯರು ಕೇಳಿದ್ದು ಒಂದೇ ಪ್ರಶ್ನೆ: “ಬಫರ್ ಯಾವುದು ಹಾಕೀರಿ?”

“50 ಮಿಲಿಮೋಲಾರ್ ಟ್ರಿಸ್, ಸರ್.”

ಅವರು ಮುಂದೇನೂ ಹೇಳದೆ ಪೆನ್ನಿನ ಮುಚ್ಚಳ ಹಾಕಿದರು. ಆ ಮೌನದಲ್ಲಿ ನಿಂತಿದ್ದಾಗಲೇ ನನಗೆ ಹೊಳೆಯಿತು: ಪಿಎಚ್ ಸ್ಥಿರವಾಗಿಡಲು ಬಫರ್ ಆಗಿ ಹಾಕಿದ ಟ್ರಿಸ್ ಸ್ವತಃ ಒಂದು ಅಮೈನ್, ಡಿಇಪಿಸಿ ಅದಕ್ಕೂ ಅಂಟುತ್ತದೆ, ಒಂದು ಡಿಇಪಿಸಿ ಅಣುವಿಗೆ 25 ಟ್ರಿಸ್ ಅಣುಗಳು ಬಾಯಿ ತೆರೆದು ಕುಳಿತಿದ್ದವು, ಕಿಣ್ವದವರೆಗೆ ತಲುಪಲು ಏನು ಉಳಿದಿರುತ್ತದೆ? ನಮ್ಮ ಗೈಡ್ ಮೇಡಂ ಕಿಟಕಿಯ ಕಡೆ ನೋಡುತ್ತಿದ್ದರು.

ಈ ಕಿಣ್ವಕ್ಕೆ ಕ್ಯಾಲ್ಸಿಯಂ ಬೇಕು, ಫಾಸ್ಫೇಟ್ ಹಾಕಿದರೆ ಕ್ಯಾಲ್ಸಿಯಂ ಗಟ್ಟಿಯಾಗಿ ತಳಕ್ಕಿಳಿಯುತ್ತದೆಂದು ಶುದ್ಧೀಕರಣದ ದಿನಗಳಿಂದಲೂ ಟ್ರಿಸ್ ಹಿಡಿದುಕೊಂಡಿದ್ದೆ. ಈ ಪ್ರಯೋಗಕ್ಕೆ ಮುನ್ನ ಬಫರ್ ಬದಲಿಸಲು ಒಂದು ರಾತ್ರಿಯ ಡಯಾಲಿಸಿಸ್ (ಕಿಣ್ವವನ್ನು ಪೊರೆಯ ಚೀಲದಲ್ಲಿಟ್ಟು ಸಣ್ಣ ಅಣುಗಳನ್ನು ಹೊರಬಿಡುವುದು) ಸಾಕಿತ್ತು, ಆಗ ನನಗೆ ಹೊಳೆದಿರಲಿಲ್ಲ. ಹಿಸ್ಟಿಡೀನ್‌ಗೆ ಡಿಇಪಿಸಿ ಅಂಟಿದರೆ 240 ನ್ಯಾನೊಮೀಟರಿನಲ್ಲಿ ಹೀರಿಕೆ ಏರಬೇಕೆಂಬುದು ಗೊತ್ತಿದ್ದೂ ನೋಡಿರಲಿಲ್ಲ, ಏಕೆಂದರೆ ನಮ್ಮ ಸ್ಪೆಕ್ಟ್ರೊಫೋಟೊಮೀಟರಿನ ಅತಿನೇರಳೆ ಬೆಳಕು ಕೊಡುವ ಡ್ಯುಟೀರಿಯಂ ದೀಪ ಕೆಟ್ಟು, ಹೊಸದಕ್ಕೆ ಕಳಿಸಿದ ಇಂಡೆಂಟ್ (ಖರೀದಿ ಬೇಡಿಕೆ) ಮೇಲಿಂದ ಮೇಲೆ ವಾಪಸು ಬರುತ್ತಿತ್ತು. ದೀಪ ಇಲ್ಲದಿದ್ದುದು ಕಚೇರಿಯ ತಪ್ಪು. ಮಾರ್ಪಾಡು ಆಗಿದೆಯೋ ಇಲ್ಲವೋ ನೋಡದೆ ತೀರ್ಮಾನ ಬರೆದದ್ದು ನನ್ನದು.

ಆಮೇಲೆ ಕಿಣ್ವವನ್ನು ಡಿಇಪಿಸಿಯನ್ನು ಹಾಗೆ ಕಬಳಿಸದ, ಪಿಎಚ್ 6ರ ಎಮ್‌ಇಎಸ್ ಬಫರಿಗೆ ಬದಲಿಸಿ, ಪಕ್ಕದ ವಿಭಾಗದ ಯಂತ್ರ ಬೇಡಿಕೊಂಡು ಮಾಡಿದೆ. 240ರ ಓದು ನಿಮಿಷಗಳಲ್ಲೇ ಏರಿತು, 20 ನಿಮಿಷಕ್ಕೆ ಚಟುವಟಿಕೆ ಅರ್ಧಕ್ಕಿಂತ ಕೆಳಗಿಳಿಯಿತು. 278ರಲ್ಲಿ ಇಳಿಕೆ ಕಾಣದ್ದರಿಂದ ಡಿಇಪಿಸಿ ಟೈರೋಸಿನ್ ಎಂಬ ಇನ್ನೊಂದು ಅಮೈನೊ ಆಮ್ಲಕ್ಕೆ ಅಂಟಿರಬಹುದೆಂಬ ಅನುಮಾನ ಉಳಿಯಲಿಲ್ಲ. ಹಿಸ್ಟಿಡೀನ್‌ಗೆ ಅಂಟಿದ್ದನ್ನು ಬಿಡಿಸುವ ಹೈಡ್ರಾಕ್ಸಿಲಮೈನ್ ಹಾಕಿದಾಗ ಚಟುವಟಿಕೆ ಬಹುಪಾಲು ಮರಳಿತು. ಮೊದಲೇ ಪಿಷ್ಟ ಬೆರೆಸಿದ್ದರೆ ನಷ್ಟ ಕಡಿಮೆ. ಆದರೂ ಈ ಬಾರಿ ಅವಸರಪಡಲಿಲ್ಲ: ಆಲ್ಫಾ-ಅಮೈಲೇಸ್‌ಗಳಲ್ಲಿ ಪಿಷ್ಟದ ಬಂಧ ಮುರಿಯುವುದು ಎರಡು ಆಸ್ಪಾರ್ಟೇಟ್ ಮತ್ತು ಒಂದು ಗ್ಲುಟಮೇಟ್ ಅಮೈನೊ ಆಮ್ಲಗಳು, ಹಿಸ್ಟಿಡೀನ್‌ಗಳು ಪಿಷ್ಟವನ್ನು ಹಿಡಿದುಕೊಳ್ಳುತ್ತವೆ, ಅಷ್ಟನ್ನೇ ಬರೆದೆ.

ದೀಪ ಮಾರ್ಚ್ ಕೊನೆಯ ವಾರ, ಅನುದಾನ ಮುಗಿಸುವ ಅವಸರದಲ್ಲಿ ಬಂತು. ಒಂದಲ್ಲ, ಎರಡು.