ಮಿಷನ್ ಟೆನ್ಷನ್: ತಪ್ಪು ತಿರುಪಿಗೆ ಕೈ ಹಾಕಿದ ಕತೆ

ಶನಿವಾರ: ಅಮ್ಮನ ಹಳೇ ತುಳಿಯೋ ಹೊಲಿಗೆ ಮಿಷನ್‌ಗೆ ಎಣ್ಣೆ ಬಿಟ್ಟೆ. ಹೊಸ 14 ನಂಬರ್ ಸೂಜಿ ಹಾಕಿ ಕಾಟನ್ ದಿಂಬಿನ ಕವರ್ ಹೊಲಿಯಲು ಕೂತೆ. ಮೇಲಿಂದ ಹೊಲಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಬಟ್ಟೆ ಮಗುಚಿದರೆ ಅಡಿಯಲ್ಲೆಲ್ಲ ದಾರದ ಕುಣಿಕೆ, ಶಾವಿಗೆ ಚೆಲ್ಲಿದ ಹಾಗೆ. ಗಲೀಜು ಕೆಳಗಿದೆ ಅಂದಮೇಲೆ ತಪ್ಪು ಕೆಳಗಿನ ದಾರ ಸುತ್ತಿಡುವ ಬಾಬಿನ್ನಿನದ್ದೇ, ಅಲ್ವಾ? ಬಾಬಿನ್ ಕೂರುವ ಕೇಸ್ ತೆಗೆದು, ಆ ದಾರದ ಬಿಗಿ ಹೆಚ್ಚು ಕಡಿಮೆ ಮಾಡುವ ತಿರುಪನ್ನು ಬಿಗಿ ಮಾಡಿದೆ. ಕುಣಿಕೆ ಜಾಸ್ತಿಯಾಯಿತು. ಇನ್ನೂ ಬಿಗಿ ಮಾಡಿದೆ. ಸಿಟ್ಟು ಬಂದು ಎದ್ದುಬಿಟ್ಟೆ.

ಭಾನುವಾರ: ಮೇಲೆ ಕೆಂಪು ದಾರ, ಬಾಬಿನ್ನಿಗೆ ಬಿಳಿ ದಾರ ಹಾಕಿ ಅದೇ ಬಟ್ಟೆಯ ಎರಡು ಪದರದ ಚೂರಿನ ಮೇಲೆ ಹೊಲಿದೆ. ಅಡಿಯ ಕುಣಿಕೆ ಅಷ್ಟೂ ಕೆಂಪು. ಅಂದರೆ ಸಡಿಲ ಇದ್ದದ್ದು ಮೇಲಿನ ದಾರ! ಅಡುಗೆಮನೆಯಿಂದಲೇ ಅಮ್ಮ ಕೇಳಿದಳು, "ದಾರ ಹಾಕುವಾಗ ಕಾಲು ಎತ್ತಿದ್ಯೇನೋ?" ಬಟ್ಟೆ ಒತ್ತಿ ಹಿಡಿಯುವ ಕಾಲು, ನನ್ನದಲ್ಲ. ಎತ್ತಿರಲಿಲ್ಲ. ಕಾಲು ಕೆಳಗಿದ್ದರೆ ಟೆನ್ಷನ್‌ನ, ಅಂದರೆ ಮೇಲಿನ ದಾರವನ್ನು ಬಿಗಿ ಹಿಡಿಯುವ, ಎರಡು ಬಿಲ್ಲೆಗಳು ಒತ್ತಿಕೊಂಡಿರುತ್ತವೆ. ದಾರ ನಡುವೆ ಇಳಿಯದೆ ಸುಮ್ನೆ ಅಂಚಿನಲ್ಲೇ ಜಾರುತ್ತದೆ. ಕಾಲು ಎತ್ತಿ ಮತ್ತೆ ಹಾಕಿದೆ, ಕುಣಿಕೆ ಮಾಯ.

ಆದರೆ ಶನಿವಾರದ ನನ್ನ ಕೈಚಳಕ ಉಳಿದಿತ್ತಲ್ಲ. ಈಗ ಬಟ್ಟೆ ಸುಕ್ಕಾಯಿತು. ಅಡಿಯಲ್ಲಿ ಬಿಳಿ ದಾರ ತಂತಿಯಂತೆ ನೆಟ್ಟಗೆ, ಅದರ ಮೇಲೆ ಸಾಲಾಗಿ ಕೆಂಪು ಚುಕ್ಕೆ. ಬಾಬಿನ್ ಕೇಸನ್ನು ಅದರ ದಾರದಲ್ಲೇ ತೂಗುಬಿಟ್ಟೆ. ಕೈ ಜಾಡಿಸಿದರೂ ಒಂದಿಂಚು ಇಳಿಯಲಿಲ್ಲ, ತಿರುಪು ಅಷ್ಟು ಬಿಗಿ.

ಸೋಮವಾರ ರಾತ್ರಿ: ಸ್ಟೀಲ್ ತಟ್ಟೆ ಇಟ್ಟುಕೊಂಡು ಕೆಲಸ ಶುರು ಮಾಡಿದೆ. ಆ ತಿರುಪು ಸಾಸಿವೆಗಿಂತ ಸ್ವಲ್ಪ ದೊಡ್ಡದು, ನೆಲಕ್ಕೆ ಬಿದ್ದರೆ ಮುಗಿಯಿತು. ಕೇಸಿನ ಮೇಲಿನ ಸ್ಪ್ರಿಂಗ್ ಪಟ್ಟಿಯ ಕೆಳಗೆ ವಿಸಿಟಿಂಗ್ ಕಾರ್ಡಿನ ಮೂಲೆ ತೂರಿಸಿದೆ. ಬೂದು ಬಣ್ಣದ ಜೂಲು ಗಟ್ಟಿಯಾಗಿ ಹೊರಬಂತು. ಎಷ್ಟು ವರ್ಷದ್ದೋ! ಆಮೇಲೆ ತಿರುಪನ್ನು ಕಾಲು ಸುತ್ತಿಗಿಂತ ಕಡಿಮೆ ಸಡಿಲಿಸುವುದು, ತೂಗುಬಿಡುವುದು, ಮತ್ತೆ ಸಡಿಲಿಸುವುದು. ಐದನೇ ಸಲ ಹದ ಸಿಕ್ಕಿತು. ತೂಗುಬಿಟ್ಟರೆ ನಿಲ್ಲುತ್ತದೆ, ಕೈ ಮೆಲ್ಲಗೆ ಜಾಡಿಸಿದರೆ ತುಸು ಇಳಿದು ಮತ್ತೆ ನಿಲ್ಲುತ್ತದೆ.

ಕೊನೆಗೆ ಮೇಲಿನ ಟೆನ್ಷನ್ ತಿರುಪನ್ನು ಅರ್ಧ ಸುತ್ತು ಸಡಿಲಿಸಿದೆ. ಈಗ ಮೇಲೆ ಬಿಳಿ ಇಲ್ಲ, ಕೆಳಗೆ ಕೆಂಪು ಇಲ್ಲ. ಎರಡು ದಾರ ಹೆಣೆದುಕೊಳ್ಳುವ ಗಂಟು ಎರಡು ಪದರದ ನಡುವೆ ಅಡಗಿ ಕೂತಿದೆ. ಬಾಬಿನ್ ತಿರುಪು ನಿಂತ ಜಾಗಕ್ಕೆ ಮಾರ್ಕರ್‌ನಲ್ಲಿ ಗುರುತು ಹಾಕಿಟ್ಟೆ.

ಒಂದು ಕವರ್ ಮುಗಿದಿದೆ, ಇನ್ನು ಮೂರಿದೆ. ಜೀನ್ಸ್ ಅಂಚು ಮಡಚಲು 16 ನಂಬರ್ ಸೂಜಿಯೂ ತಂದಿಟ್ಟಿದ್ದೇನೆ.