ಗ್ಯಾಸ್ಕೆಟ್ ಸಿಗುತ್ತಾ ಅಂತ ಮೊದಲು ಕೇಳಿ

ಮೈಸೂರು, ಭಾನುವಾರ, 16 ನವೆಂಬರ್ 2025

ದಸರಾ ಮುಗಿದು ಆನೆಗಳೆಲ್ಲ ಕಾಡಿಗೆ ವಾಪಸ್ ಹೋದ ಮೇಲೂ ದೊಡ್ಡಕೆರೆ ಮೈದಾನದ ವಸ್ತು ಪ್ರದರ್ಶನ ಮಾತ್ರ ನಡೆಯುತ್ತಲೇ ಇರುತ್ತದೆ. ಮೈಸೂರಿನವರು ನಿಜವಾಗಿ ಹೋಗೋದೇ ಈಗ. ಹೊರಗಿನ ಜನದ ನೂಕುನುಗ್ಗಲು ಇರಲ್ಲ, ಸಂಜೆ ಸ್ವಲ್ಪ ಚಳಿ ಹಿಡಿದಿರುತ್ತದೆ, ಮೆಣಸಿನಕಾಯಿ ಬಜ್ಜಿಗೆ ರುಚಿ ಜಾಸ್ತಿ. ಮದ್ದೂರಿನ ಹತ್ತಿರದ ಊರಿಂದ ಅತ್ತೆ ಬಂದಿದ್ದಾರೆ, ಹಾಗಾಗಿ ನಿನ್ನೆ ಎಲ್ಲರೂ ಹೋಗಿದ್ದೆವು. ಮಗಳಿಗೆ ಜಾಯಿಂಟ್ ವ್ಹೀಲ್, ಯಜಮಾನರಿಗೆ ಬಜ್ಜಿ, ನನಗೆ ಮತ್ತು ಅತ್ತೆಗೆ ಮನೆ ಸಾಮಾನಿನ ಮಳಿಗೆಗಳು.

ಆ ಮಳಿಗೆಗಳಲ್ಲಿ ನೋಡಬೇಕಾದ್ದು ಸಾಮಾನಲ್ಲ, ಮಾರೋರ ಕೈ. ಹಗ್ಗ ಎಳೆಯುವ ತರಕಾರಿ ಕಟರ್ ಮಾರುತ್ತಿದ್ದ ಒಬ್ಬ ಹುಡುಗನ ಮುಂದೆ ಜನ ಗುಂಪು ಕಟ್ಟಿದ್ದರು. ಕ್ಯಾರೆಟ್ ಹಾಕಿ ಸರಸರ ಎಳೆದ, ಪುಡಿ. ಈರುಳ್ಳಿ ಹಾಕಿದ, ಅದೂ ಪುಡಿ. ಗಮನಿಸಿ ನೋಡಿದರೆ ಅವನ ಮುಂದಿನ ತಟ್ಟೆಯಲ್ಲಿ ಇದ್ದದ್ದೆಲ್ಲ ಗಟ್ಟಿ, ಒಣ ತರಕಾರಿಗಳೇ. ಒಂದು ಟೊಮ್ಯಾಟೊ ಇಲ್ಲ, ಬದನೆಕಾಯಿ ಇಲ್ಲ. ಒಂದು ಮೂಲೆಯಲ್ಲಿ ಅಂದಕ್ಕೆ ಇಟ್ಟಿದ್ದ ಕೊತ್ತಂಬರಿ ಕಟ್ಟು ಅತ್ತೆ ಕಣ್ಣಿಗೆ ಬಿತ್ತು.

'ಇದ್ರಲ್ಲಿ ಸೊಪ್ಪು ಹೆಚ್ಚೋಕಾಯ್ತದಾ ಮಗ?'

'ಆಗುತ್ತಮ್ಮ, ಎಲ್ಲಾ ಆಗುತ್ತೆ' ಅಂದ. ಅಂದ ಮೇಲೆ ಮಾಡಿ ತೋರಿಸಲೇಬೇಕಲ್ಲ. ಒಂದಷ್ಟು ಕೊತ್ತಂಬರಿ ಕಿತ್ತು ಹಾಕಿ ಎಳೆದ. ಮುಚ್ಚಳ ತೆಗೆದರೆ ಅರ್ಧ ಸೊಪ್ಪು ಡಬ್ಬಿಯ ಗೋಡೆಗೆ ಹಸಿರು ಲೇಪದ ಹಾಗೆ ಮೆತ್ತಿಕೊಂಡಿತ್ತು, ಇನ್ನರ್ಧ ಉದ್ದುದ್ದ ಕಡ್ಡಿಯಾಗಿ ಬ್ಲೇಡಿಗೆ ಸುತ್ತಿಕೊಂಡಿತ್ತು. 'ಚಟ್ನಿಗಾದ್ರೆ ಸರಿ ಕಣಪ್ಪ' ಅಂದರು ಅತ್ತೆ. ಸುತ್ತ ನಿಂತಿದ್ದವರೆಲ್ಲ ನಕ್ಕರು. ಪಾಪ, ಅವನೂ ನಕ್ಕು ಮತ್ತೆ ಕ್ಯಾರೆಟ್ ಕೈಗೆತ್ತಿಕೊಂಡ.

ಕಟರ್ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಅದರ ಉಪಾಯ ಚೆನ್ನಾಗಿಯೇ ಇದೆ. ಮುಚ್ಚಳದ ಒಳಗೆ ಒಂದು ಚಕ್ರ, ಅದಕ್ಕೆ ಹಗ್ಗ ಸುತ್ತಿರುತ್ತದೆ, ಪಕ್ಕದಲ್ಲಿ ಸುರುಳಿ ಸ್ಪ್ರಿಂಗ್. ಎಳೆದಾಗ ಚಕ್ರ ತಿರುಗಿ ಬ್ಲೇಡನ್ನೂ ತಿರುಗಿಸುತ್ತದೆ, ಬಿಟ್ಟರೆ ಸ್ಪ್ರಿಂಗ್ ಹಗ್ಗವನ್ನು ಒಳಗೆ ಎಳೆದುಕೊಳ್ಳುತ್ತದೆ. ಕರೆಂಟ್ ಬೇಡ. ಆದರೆ ಎಲ್ಲ ಭಾರ ಬೀಳೋದು ಆ ಹಗ್ಗದ ಮೇಲೆ, ಮೊದಲು ಹೋಗೋದೂ ಅದೇ. ಯಜಮಾನರು ಆನ್‌ಲೈನಲ್ಲಿ ತರಿಸಿದ್ದ ಕಟರಿನದೂ ಹಾಗೇ ಆಯಿತು. ಹಗ್ಗ ಕಿತ್ತು ಬಂತು, ಅಂಗಡಿಗೆ ತಗೊಂಡು ಹೋದರೆ 'ಇದಕ್ಕೆ ಸ್ಪೇರ್ ಬರಲ್ಲ ಮೇಡಂ, ಹೊಸದೇ ತಗೊಳಿ' ಅಂದರು. ಬ್ಲೇಡ್ ಚೂಪಾಗೇ ಇದೆ, ಡಬ್ಬಿಗೆ ಒಂದು ಗೀರೂ ಬಿದ್ದಿಲ್ಲ, ಒಂದು ಮೊಳ ಹಗ್ಗಕ್ಕೆ ಇಡೀ ಸಾಮಾನು ದಂಡ! ಈಗ ಆ ಡಬ್ಬಿಯಲ್ಲಿ ಹುಣಸೆಹಣ್ಣು ಇದೆ.

ಅದಾದ ಮೇಲೆ ನಾನು ಏನೇ ಕೊಳ್ಳುವಾಗಲೂ ಒಂದೇ ಪ್ರಶ್ನೆ ಕೇಳುತ್ತೇನೆ. ಇದರಲ್ಲಿ ಮೊದಲು ಹಾಳಾಗೋದು ಯಾವುದು, ಅದು ಬೇರೆ ಸಿಗುತ್ತಾ? ಬೆಲೆ, ಬಣ್ಣ, ಎಷ್ಟು ಸ್ಟಾರ್ ಅನ್ನೋದೆಲ್ಲ ಆಮೇಲೆ.

ಈ ಲೆಕ್ಕದಲ್ಲಿ ಪ್ರೆಷರ್ ಕುಕ್ಕರನ್ನು ಹೊಡೆಯುವ ಸಾಮಾನು ಮನೆಯಲ್ಲಿ ಇನ್ನೊಂದಿಲ್ಲ. 1679ರಲ್ಲಿ ಡೆನಿಸ್ ಪಾಪಿನ್ ಅನ್ನೋ ಫ್ರೆಂಚ್ ವಿಜ್ಞಾನಿ ಮೂಳೆ ಬೇಯಿಸಲು ಲಂಡನ್ನಿನಲ್ಲಿ ಇಂಥದ್ದೊಂದು ಪಾತ್ರೆ ಮಾಡಿ ತೋರಿಸಿದ. ಅಲ್ಲಿಂದ ಇಲ್ಲಿಯವರೆಗೆ ಮೂಲ ಕೆಲಸ ಬದಲಾಗಿಲ್ಲ. ಮೈಸೂರು ಸಮುದ್ರ ಮಟ್ಟಕ್ಕಿಂತ ಸುಮಾರು 770 ಮೀಟರ್ ಎತ್ತರದಲ್ಲಿದೆ, ಹಾಗಾಗಿ ತೆರೆದ ಪಾತ್ರೆಯಲ್ಲಿ ನೀರು 97 ಡಿಗ್ರಿ ಆಸುಪಾಸಿಗೇ ಕುದಿಯುತ್ತದೆ, ಎಷ್ಟು ಉರಿ ಕೊಟ್ಟರೂ ಅದಕ್ಕಿಂತ ಬಿಸಿ ಆಗಲ್ಲ. ಮುಚ್ಚಳ ಹಾಕಿ ಆವಿ ಕಟ್ಟಿದರೆ ಅದೇ ನೀರು 120 ಡಿಗ್ರಿ ಹತ್ತಿರ ಹೋಗುತ್ತದೆ. ಬೇಳೆ ಬೇಗ ಬೇಯೋದು ಅದಕ್ಕೇ. ಮೇಲಿನ ವೆಯ್ಟ್ ಎಷ್ಟು ಒತ್ತಡ ಬೇಕೋ ಅಷ್ಟನ್ನು ಇಟ್ಟುಕೊಂಡು ಜಾಸ್ತಿಯಾದದ್ದನ್ನು ಹೊರಗೆ ಬಿಡುತ್ತದೆ. ಆದ್ದರಿಂದ ಒಂದು ವಿಶಲ್ ಬಂದ ಮೇಲೆ ದೊಡ್ಡ ಉರಿ ಇಟ್ಟರೆ ಗ್ಯಾಸ್ ದಂಡವೇ ಹೊರತು ಬೇಳೆ ಏನೂ ಬೇಗ ಬೇಯಲ್ಲ.

ಅದರಲ್ಲಿ ಹಾಳಾಗೋದು ಗ್ಯಾಸ್ಕೆಟ್, ಸೇಫ್ಟಿ ವಾಲ್ವ್, ಹಿಡಿ. ಮೂರೂ ಯಾವ ಊರಿನ ಪಾತ್ರೆ ಅಂಗಡಿಯಲ್ಲಾದರೂ ಸಿಗುತ್ತದೆ. ಸಂತೆಪೇಟೆ ಕಡೆ ನಾನು ಹೋಗುವ ಸಣ್ಣ ಅಂಗಡಿಯೊಂದಿದೆ, ಬಾಗಿಲ ಚೌಕಟ್ಟಿನ ತುಂಬ ಮೊಳೆ, ಮೊಳೆಗೊಂದು ಗಾತ್ರದ ಗ್ಯಾಸ್ಕೆಟ್ ಗೊಂಚಲು. 'ಐದು ಲೀಟರಿಂದು ಕೊಡಿ' ಅಂದರೆ ಅಂಗಡಿಯವರು ಎದ್ದೇಳಲ್ಲ. 'ಮುಚ್ಚಳ ತಂದಿದ್ದೀರಾ?' ಅಂತ ಕೇಳುತ್ತಾರೆ. ಸರಿಯಾದ ಪ್ರಶ್ನೆ. ಲೀಟರ್ ಒಂದೇ ಆದರೂ ಕಂಪನಿಗೆ ಕಂಪನಿಗೆ ಗಾತ್ರ ಬೇರೆ. ಮುಚ್ಚಳ ಕೊಟ್ಟರೆ ಅದರ ಅಂಚಿನ ಮೇಲೆ ಹೆಬ್ಬೆರಳು ಒಂದು ಸುತ್ತು ಓಡಿಸಿ, ತಲೆ ಎತ್ತದೆ ಕೈ ಮೇಲೆ ಚಾಚಿ ಒಂದನ್ನು ಎಳೆದು ಹಾಕುತ್ತಾರೆ. ಕೂರುತ್ತದೆ! ಸೇಫ್ಟಿ ವಾಲ್ವ್ ಬಗ್ಗೆ ಅವರು ಹೇಳಿದ್ದು ಸುಮಾರು ಜನಕ್ಕೆ ಗೊತ್ತಿರಲಿಕ್ಕಿಲ್ಲ. ಬಹಳಷ್ಟು ಕುಕ್ಕರ್‌ಗಳ ವಾಲ್ವ್ ಮಧ್ಯದಲ್ಲಿ ಬೇಗ ಕರಗುವ ಲೋಹದ ಒಂದು ಚೂರು ಇರುತ್ತದೆ. ನೀರು ಬತ್ತಿ ಒಣಗಿದರೆ ಅಥವಾ ವೆಯ್ಟ್ ಕಟ್ಟಿಕೊಂಡರೆ ಅದು ಕರಗಿ ಆವಿಗೆ ದಾರಿ ಬಿಡುತ್ತದೆ. ಅದು ಹೋಯಿತು ಅಂದರೆ ಕುಕ್ಕರ್ ಕೆಟ್ಟಿತು ಅಂತಲ್ಲ, ನಿಮ್ಮನ್ನು ಉಳಿಸಿತು ಅಂತ. ಅಲ್ಲಿಗೆ ಎಂ-ಸೀಲ್ ಮೆತ್ತಿ ಮತ್ತೆ ಒಲೆ ಮೇಲೆ ಇಡುವ ಧೈರ್ಯವಂತರೂ ಇದ್ದಾರಂತೆ. ದಯವಿಟ್ಟು ಬೇಡ. ಹೊಸ ಕುಕ್ಕರ್ ತಗೊಳ್ಳುವಾಗ ಐಎಸ್‌ಐ ಗುರುತು ನೋಡಿ, ಈಗ ಅದು ಕಡ್ಡಾಯ, ಗುರುತಿನ ಮೇಲ್ಗಡೆ ಐಎಸ್ 2347 ಅಂತ ನಂಬರ್ ಇರುತ್ತದೆ.

ಮಿಕ್ಸಿಯ ಕತೆ ಇದಕ್ಕಿಂತ ಮಜವಾಗಿದೆ. ನಮ್ಮ ದೇಶದ ಮಿಕ್ಸಿ ಹುಟ್ಟಿದ್ದೇ ಸ್ಪೇರ್ ಸಿಗದೆ! 1963ರ ಸುಮಾರಿಗೆ ಮಾಧುರಿ ಮಾಥುರ್ ಅನ್ನೋರ ಮನೆಯಲ್ಲಿದ್ದ ಜರ್ಮನಿಯ ಮಿಕ್ಸರ್ ಕೆಟ್ಟಿತು. ಇಲ್ಲಿ ರಿಪೇರಿ ಮಾಡೋರು ಸಿಗಲಿಲ್ಲ. ಅವರ ಗಂಡ ಸತ್ಯಪ್ರಕಾಶ್ ಮಾಥುರ್ ಇಂಜಿನಿಯರ್, ನಮ್ಮ ಅಡುಗೆಗೆ ತಡೆಯುವಂಥ ಗಟ್ಟಿ ಮೋಟಾರ್ ಹಾಕಿ ತಾವೇ ಒಂದು ಮಾಡಿದರು. ಅದೇ ಸುಮೀತ್ ಮಿಕ್ಸಿ ಆಯಿತು. ನಮ್ಮ ಅಮ್ಮಂದಿರ ಕಾಲದಲ್ಲಿ ಮಿಕ್ಸಿ ಅಂದರೆ ಸುಮೀತ್ ಅಂತಲೇ ಇತ್ತಲ್ಲ.

ಮೊನ್ನೆ ದೀಪಾವಳಿಯಲ್ಲಿ ಪಕ್ಕದ ಮನೆ ಆಂಟಿ ಓಡಿ ಬಂದರು, ಒಬ್ಬಟ್ಟಿನ ಹೂರಣ ರುಬ್ಬುವಾಗ ಮಿಕ್ಸಿ ನಿಂತೇ ಹೋಯಿತು, ಸುಟ್ಟ ವಾಸನೆಯೂ ಇಲ್ಲ ಸದ್ದೂ ಇಲ್ಲ, ಹೊಸದು ತರೋಕೆ ಮಗ ಹೊರಟಿದ್ದಾನೆ ಅಂತ. ಮಿಕ್ಸಿಯನ್ನು ತಲೆಕೆಳಗು ಮಾಡಿ ತಳದಲ್ಲಿದ್ದ ಪುಟ್ಟ ಕೆಂಪು ಗುಂಡಿ ಒತ್ತಿದೆ, ಓಡಿತು. ಲೋಡ್ ಜಾಸ್ತಿಯಾದಾಗ ಮೋಟಾರ್ ಸುಡದ ಹಾಗೆ ತಾನೇ ಕಟ್ ಆಗೋದು ಅದರ ಕೆಲಸ. ಸ್ವಿಚ್ ಆಫ್ ಮಾಡಿ, ಸ್ವಲ್ಪ ಆರಲು ಬಿಟ್ಟು, ಹೂರಣಕ್ಕೆ ಚೂರು ನೀರು ಚಿಮುಕಿಸಿ, ಗುಂಡಿ ಒತ್ತಿದರೆ ಆಯಿತು. ಆಂಟಿ ಮಗ ಬೈಕ್ ಸ್ಟಾರ್ಟ್ ಮಾಡಿ ಆಗಿತ್ತು. ಒಬ್ಬಟ್ಟು ನಮಗೂ ಬಂತು ಅನ್ನಿ.

ಜಾರ್ ಕೂರುವ ಜಾಗದಲ್ಲಿರುವ ಕಪ್ಲರ್ ಕೂಡ ಹಾಗೇ. ಬ್ಲೇಡ್ ಕಚ್ಚಿಕೊಂಡಾಗ ಮೋಟಾರಿನ ಬದಲು ತಾನು ಹಲ್ಲು ಮುರಿದುಕೊಳ್ಳುತ್ತದೆ. ಬೆಲೆ ನಾಲ್ಕು ಕಾಫಿಗಿಂತ ಜಾಸ್ತಿ ಏನಿಲ್ಲ. ಮಿಕ್ಸಿ ಗರಗರ ಅಂದು ಬ್ಲೇಡ್ ತಿರುಗದೇ ಇದ್ದರೆ ಮೊದಲು ಅದನ್ನು ನೋಡಿ.

ಇನ್ನೊಂದು ಸಾಮಾನು ನನ್ನ ಮೆಚ್ಚಿನದು. ಸಾಕೆಟ್ಟಿಗೆ ಸಿಕ್ಕಿಸುವ ವ್ಯಾಟ್ ಮೀಟರ್. ಗೋಡೆಯ ಪ್ಲಗ್ಗಿಗೆ ಅದನ್ನು ಹಾಕಿ ಅದಕ್ಕೆ ನಿಮ್ಮ ಸಾಮಾನಿನ ಪ್ಲಗ್ ಹಾಕಿದರೆ ಎಷ್ಟು ಕರೆಂಟ್ ತಿನ್ನುತ್ತಿದೆ ಅಂತ ತೋರಿಸುತ್ತದೆ. ಗೃಹಜ್ಯೋತಿ ಬಂದ ಮೇಲೆ ಯೂನಿಟ್ ಲೆಕ್ಕ ಎಲ್ಲರ ಬಾಯಲ್ಲೂ ಇದೆ, 200ರ ಒಳಗೆ ಅನ್ನೋದು ಮೊದಲ ಮಾತು, ಹಿಂದಿನ ಸರಾಸರಿಯ ಮೇಲೆ ಹತ್ತು ಪರ್ಸೆಂಟ್ ಅನ್ನೋದು ಎರಡನೇ ಮಾತು. ಆದರೆ ಯಾವುದು ಎಷ್ಟು ತಿನ್ನುತ್ತದೆ ಅಂತ ಮಾತ್ರ ಯಾರಿಗೂ ಅಂದಾಜಿಲ್ಲ. ಖಾಲಿ ನೇತಾಡುವ ಫೋನ್ ಚಾರ್ಜರ್ ಮೀಟರಿನಲ್ಲಿ ಸೊನ್ನೆ ಅಂತಲೇ ಬರುತ್ತದೆ. 2000 ವ್ಯಾಟ್ ಗೀಸರ್ ಅರ್ಧ ಗಂಟೆ ಓಡಿದರೆ ಒಂದು ಯೂನಿಟ್ ಹೋಯಿತು. ನಮ್ಮ ಮನೆಯಲ್ಲಿ ಚಾರ್ಜರ್ ಸ್ವಿಚ್ ಆಫ್ ಮಾಡಿಲ್ಲ ಅಂತ ಮಗಳಿಗೆ ಬೈಯೋರು ಗೀಸರ್ ಹಾಕಿ ಪೇಪರ್ ಓದುತ್ತ ಕೂರುತ್ತಾರೆ. ಹೆಸರು ಬೇಡ. ಟಿವಿ ಆಫ್ ಆಗಿದ್ದರೂ ಸೆಟ್ ಟಾಪ್ ಬಾಕ್ಸ್ ಸುಮ್ನೆ ಹತ್ತು ವ್ಯಾಟ್ ಎಳೆಯುತ್ತಿತ್ತು. ಹಗಲೂ ರಾತ್ರಿ ಹಾಗೇ ಬಿಟ್ಟರೆ ತಿಂಗಳಿಗೆ ಏಳು ಯೂನಿಟ್ ದಾಟುತ್ತದೆ.

ಫ್ಯಾನ್ ವಿಷಯಕ್ಕೆ ಬಂದರೆ ನನ್ನ ಪ್ರಶ್ನೆಗೆ ನನ್ನಲ್ಲೇ ಸರಿಯಾದ ಉತ್ತರ ಇಲ್ಲ. ಹಳೇ ಫ್ಯಾನ್ 75 ವ್ಯಾಟ್, ಹೊಸ ಬಿಎಲ್‌ಡಿಸಿ, ಅಂದರೆ ಬ್ರಷ್ ಇಲ್ಲದ ಡಿಸಿ ಮೋಟಾರಿನ ಫ್ಯಾನ್ 30ರ ಆಸುಪಾಸು. ದಿನಕ್ಕೆ 12 ಗಂಟೆ ಓಡಿಸಿದರೆ ತಿಂಗಳಿಗೆ 27 ಯೂನಿಟ್ ಇದ್ದದ್ದು 11ಕ್ಕೆ ಇಳಿಯುತ್ತದೆ, ಲಾಭವೇ. ಆದರೆ ಹಳೇದು ನಿಧಾನ ಆದರೆ ಬೀದಿ ಕೊನೆಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಒಂದು ಕೆಪಾಸಿಟರ್ ತಂದು ಹಾಕಿದರೆ ಮುಗಿಯಿತು. ಹೊಸದರ ಒಳಗೆ ಸರ್ಕ್ಯೂಟ್ ಬೋರ್ಡ್ ಇದೆ, ಅದು ಹೋದರೆ ಕಂಪನಿಯವರೇ ಬರಬೇಕು. ಕೊನೆಗೆ ಜಾಸ್ತಿ ಹೊತ್ತು ಓಡುವ ಹಾಲ್‌ಗೆ ಹೊಸದು ಹಾಕಿಸಿದೆವು, ಬೋರ್ಡ್‌ಗೆ ಎಷ್ಟು ವರ್ಷ ವಾರಂಟಿ ಅಂತ ಬಿಲ್ಲಿನ ಮೇಲೇ ಬರೆಸಿಕೊಂಡು. ರೂಮುಗಳಲ್ಲಿ ಹಳೇದೇ ತಿರುಗುತ್ತಿವೆ.

ಅತ್ತೆ ಬಂದಾಗೆಲ್ಲ ಊರಿನ ಬೋರ್ ನೀರಿನ ಮಾತು ಬರುತ್ತದೆ, ಪಾತ್ರೆ ತಳದಲ್ಲೆಲ್ಲ ಬಿಳಿ ಪೊರೆ. ನೀರಿನಲ್ಲಿ ಕರಗಿದ ಉಪ್ಪಿನಂಶ ಅಳೆಯುವ, ಪೆನ್ನಿನ ಹಾಗಿರುವ ಟಿಡಿಎಸ್ ಮೀಟರ್ ತಗೊಂಡು ಹೋಗಿ ನೋಡಿದ್ದೆ, ಸಾವಿರದ ಮೇಲಿತ್ತು. ನಮ್ಮ ನಲ್ಲಿಯ ಕಾವೇರಿ ನೀರು 200ರ ಒಳಗೇ ಇದೆ. ಐಎಸ್‌ಐ ಗುರುತು ಕೊಡುವ ಬಿಐಎಸ್ ಸಂಸ್ಥೆಯ ಪ್ರಕಾರ ಕುಡಿಯುವ ನೀರಿಗೆ ಲೀಟರಿಗೆ 500 ಮಿಲಿಗ್ರಾಂವರೆಗೆ ಒಳ್ಳೆಯದೇ. ಆರ್‌ಓ ಬೇಕಿರೋದು ಅತ್ತೆ ಮನೆಗೆ, ಆದರೆ ಅದನ್ನು ಗೋಡೆಗೆ ಹಾಕಿಸಿಕೊಂಡು ಬಕೆಟ್‌ಗಟ್ಟಲೆ ನೀರು ಸಿಂಕಿಗೆ ಬಿಡುತ್ತಿರೋದು ನಮ್ಮ ಬೀದಿಯವರು. ಟಿಡಿಎಸ್ ಮೀಟರ್ ನೀರಿನಲ್ಲಿರುವ ಉಪ್ಪಿನಂಶ ಮಾತ್ರ ಹೇಳುತ್ತದೆ, ಕ್ರಿಮಿ ಇದೆಯೋ ಇಲ್ಲವೋ ಅದಕ್ಕೆ ಗೊತ್ತಾಗಲ್ಲ. ನಾವು ಸೋಸಿ, ಕಾಯಿಸಿ ಆರಿಸಿ ಕುಡಿಯುತ್ತೇವೆ.

ಅತ್ತೆ ನಿನ್ನೆ ಕೊಂಡಿದ್ದು ಒಂದು ಗ್ಯಾಸ್ ಲೈಟರ್ ಮಾತ್ರ, ಅದೂ ಬ್ಯಾಟರಿದು ಬೇಡ, ಟಕ್ ಅನ್ನೋದೇ ಕೊಡಿ ಅಂತ. ಒಳ್ಳೆ ಆಯ್ಕೆ. ಅದರೊಳಗೆ ಒಂದು ಸಣ್ಣ ಹರಳಿಗೆ ಸುತ್ತಿಗೆ ಬಡಿದ ಹಾಗೆ ಪೆಟ್ಟು ಬೀಳುತ್ತದೆ, ಆ ಪೆಟ್ಟಿಗೇ ಸಾವಿರಾರು ವೋಲ್ಟಿನ ಕಿಡಿ ಹಾರುತ್ತದೆ. ಸೆಲ್ ಬದಲಾಯಿಸುವ ತಾಪತ್ರಯ ಇಲ್ಲ. ತರಕಾರಿ ಕಟರ್ ಯಾಕೆ ತಗೊಳ್ಳಲಿಲ್ಲ ಅಂತ ಮಗಳು ಕೇಳಿದ್ದಕ್ಕೆ 'ಈಳಿಗೆ ಮಣೆ ನಿಮ್ಮ ಅಜ್ಜಿ ಮದ್ವೇಲಿ ಬಂದಿದ್ದು ಕಣವ್ವ, ಇನ್ನೂ ಕುಯ್ತದೆ' ಅಂದರು. ಮೊಂಡಾದರೆ ಸಾಣೆ ಹಿಡಿಯೋನು ಸೈಕಲ್ ಮೇಲೆ ಮನೆ ಬಾಗಿಲಿಗೇ ಬರುತ್ತಾನೆ. ಬಗ್ಗಿ ಕೂರೋಕೆ ಮಂಡಿ ಬಿಡಲ್ಲ ಅನ್ನೋದು ಬೇರೆ ಮಾತು, ಅದಕ್ಕೇ ನಮ್ಮ ಮನೆಯಲ್ಲಿ ಚಾಕು.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ರೈಟ್ ಟು ರಿಪೇರ್ ಅಂತ ಒಂದು ಪೋರ್ಟಲ್ ಶುರು ಮಾಡಿದೆ, ಕೆಲವು ಕಂಪನಿಗಳ ಸ್ಪೇರ್, ಸರ್ವಿಸ್, ವಾರಂಟಿ ವಿವರ ಅಲ್ಲಿವೆ. ದೊಡ್ಡ ಸಾಮಾನು ಕೊಳ್ಳುವ ಮೊದಲು ಒಮ್ಮೆ ನೋಡಿ. ಯುರೋಪಿನಲ್ಲಂತೂ 2024ರ ಡಿಸೆಂಬರ್ 28ರಿಂದ ಹೊಸ ಫೋನ್‌ಗಳಿಗೆಲ್ಲ ಟೈಪ್ ಸಿ ಚಾರ್ಜಿಂಗ್ ಕಡ್ಡಾಯ ಮಾಡಿಬಿಟ್ಟರು, ಅದರ ಪುಣ್ಯ ಬಗೆಬಗೆಯ ಚಾರ್ಜರ್ ತುಂಬಿದ್ದ ನಮ್ಮ ಡ್ರಾಯರಿಗೂ ಸ್ವಲ್ಪ ತಟ್ಟಿದೆ.

ಇವತ್ತು ಬೆಳಗ್ಗೆಯಿಂದ ಯಜಮಾನರ ತಲೆಯಲ್ಲಿ ಏರ್ ಫ್ರೈಯರ್ ಕೂತಿದೆ. ನಿನ್ನೆ ಅಲ್ಲೊಂದು ಮಳಿಗೆಯಲ್ಲಿ ಎಣ್ಣೆ ಇಲ್ಲದೆ ಆಲೂಗೆಡ್ಡೆ ಕರಿದು ತೋರಿಸಿದರು. ಕರಿದದ್ದಲ್ಲ ಅದು, ಒಂದು ಹೀಟರ್, ಒಂದು ಫ್ಯಾನ್, ಬಿಸಿ ಗಾಳಿ ಜೋರಾಗಿ ಸುತ್ತುತ್ತದೆ, ಪುಟ್ಟ ಓವನ್ ಅಷ್ಟೆ. ಸುಮಾರು 1500 ವ್ಯಾಟ್. ತಿನ್ನೋಕೆ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಬೇಡ ಅಂತ ನಾನೂ ಹೇಳಿಲ್ಲ. ಒಳಗಿನ ಬುಟ್ಟಿಯ ಕೋಟಿಂಗ್ ಕಿತ್ತು ಹೋದರೆ ಬರೀ ಬುಟ್ಟಿ ಎಷ್ಟಕ್ಕೆ ಸಿಗುತ್ತೆ ನೋಡಿ ಹೇಳಿ, ಆಮೇಲೆ ತಗೊಳ್ಳೋಣ ಅಂದೆ. ಊಟ ಆಗಿ ಎಲೆಯಡಿಕೆಯೂ ಆಯಿತು, ಫೋನ್ ಹಿಡಿದು ಇನ್ನೂ ಹುಡುಕುತ್ತಲೇ ಇದ್ದಾರೆ.